ಬೆಕ್ಕಿನ ಪಂಜದಿಂದ ಅಮೂರ್ತ ಚಿತ್ರ: ಕಾಲಿಗೆ ಬಣ್ಣ ಹತ್ತದಂತೆ ಬರೆಸುವ ಬಗೆ

ಮೊದಲ ಸಲ ನಾನು ಮಾಡಿದ್ದು ತಪ್ಪು ಕೆಲಸ. ಅಗಲವಾದ ತಟ್ಟೆಯಲ್ಲಿ ನೀಲಿ ಬಣ್ಣ ಕಲಸಿ, ನಮ್ಮ ಸೋಂಬಿಯನ್ನು ಕಂಕುಳಲ್ಲಿ ಅವುಚಿಕೊಂಡು, ಅವಳ ಮುಂಗಾಲು ಹಿಡಿದು ಅದ್ದಿದೆ. ಆಮೇಲಿನದೆಲ್ಲ ಎರಡು ಸೆಕೆಂಡಿನ ಕಥೆ. ಬೆಕ್ಕು ಜಾರಿತು, ತಟ್ಟೆ ಮಗುಚಿತು, ಹಾಳೆಯ ಮೇಲೆ ಒಂದು ಹೆಜ್ಜೆಯೂ ಬೀಳಲಿಲ್ಲ. ಬಿದ್ದದ್ದು ರೆಡ್‌ಆಕ್ಸೈಡ್ ನೆಲದ ಮೇಲೆ, ದಿವಾನದ ಹೊದಿಕೆಯ ಮೇಲೆ, ಕೊನೆಗೆ ಇಸ್ತ್ರಿಗೆಂದು ಮಡಚಿಟ್ಟಿದ್ದ ಅಮ್ಮನ ಬಿಳಿ ಕಾಟನ್ ಸೀರೆಯ ಮೇಲೆ. ಅಮ್ಮ ಬೈದದ್ದು ಕಿವಿಗೆ ಬೀಳಲೇ ಇಲ್ಲ, ಏಕೆಂದರೆ ಸೋಂಬಿ ಅಟ್ಟ ಹತ್ತಿ ಕೂತು ಬೆರಳು ಅಗಲಿಸಿ ಅಗಲಿಸಿ ಕಾಲು ನೆಕ್ಕಿಕೊಳ್ಳುತ್ತಿದ್ದಳು. ಸೀರೆ ತೊಳೆಯಬಹುದು, ಹೊಟ್ಟೆಗೆ ಹೋದದ್ದನ್ನು ಏನು ಮಾಡುವುದು?

ಪುಣ್ಯಕ್ಕೆ ಏನೂ ಆಗಲಿಲ್ಲ. ಆದರೆ ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಗೊತ್ತಲ್ಲ, ಮೊದಲ ದಿನವೇ ಕುದಿಯುವ ಹಾಲಿಗೆ ಬಾಯಿ ಹಾಕಿ ಆಮೇಲೆ ಹಾಲಿನ ಬಟ್ಟಲು ಕಂಡರೇ ಓಡುತ್ತಿದ್ದದ್ದು, ಸೋಂಬಿಗೆ ಆ ತಟ್ಟೆ ಹಾಗಾಯಿತು. ತಟ್ಟೆಯನ್ನು ಕಣ್ಮರೆ ಮಾಡಿ, ಮೂರು ತಿಂಗಳು ಸುಮ್ಮನಿದ್ದು, ಬೇರೆ ದಾರಿ ಹಿಡಿದೆ. ಈಗ ಮನೆಯಲ್ಲಿ ಅವಳ ಹನ್ನೊಂದು ಚಿತ್ರಗಳಿವೆ. ಒಂದೇ ಒಂದು ಸಲ ಬಿಟ್ಟರೆ (ಅದನ್ನು ಮುಂದೆ ಹೇಳುತ್ತೇನೆ) ಕಾಲಿಗೆ ಬಣ್ಣ ಹತ್ತಿಲ್ಲ.

ಬೆಕ್ಕು ನಿಜವಾಗಿ ಚಿತ್ರ ಬರೆಯುತ್ತದೆಯೇ?

ಇಲ್ಲ. ಈ ಮಾತನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಕೆಲಸ ಸಲೀಸು.

ಪ್ರಾಣಿಗಳಲ್ಲಿ ಚಿತ್ರ ಬರೆದದ್ದು ಎಂದು ಹೇಳಬಹುದಾದದ್ದು ಲಂಡನ್ ಮೃಗಾಲಯದ ಕಾಂಗೊ ಎಂಬ ಚಿಂಪಾಂಜಿ. 1950ರ ದಶಕದಲ್ಲಿ ಪ್ರಾಣಿಶಾಸ್ತ್ರಜ್ಞ ಡೆಸ್ಮಂಡ್ ಮಾರಿಸ್ ಜೊತೆ ಕೂತು ಅದು ಸುಮಾರು 400 ಚಿತ್ರ ಬರೆಯಿತು. ನಡುವೆ ಹಾಳೆ ಕಿತ್ತುಕೊಂಡರೆ ರಂಪ ಮಾಡುತ್ತಿತ್ತು. ತನ್ನ ಪಾಲಿಗೆ ಮುಗಿಯಿತು ಅನ್ನಿಸಿದ ಮೇಲೆ ಪುಸಲಾಯಿಸಿದರೂ ಕುಂಚ ಮುಟ್ಟುತ್ತಿರಲಿಲ್ಲ. 2005ರಲ್ಲಿ ಅದರ ಮೂರು ಚಿತ್ರಗಳು ಲಂಡನ್ನಿನ ಬಾನಮ್ಸ್ ಹರಾಜಿನಲ್ಲಿ 14,400 ಪೌಂಡಿಗೆ ಹೋದವು. ಇನ್ನೊಂದು ತುದಿಯಲ್ಲಿರುವುದು ಪ್ಯಾರಿಸ್ಸಿನ ಲೋಲೋ ಎಂಬ ಕತ್ತೆ. 1910ರಲ್ಲಿ ಕಲಾವಿಮರ್ಶಕರನ್ನು ಗೇಲಿ ಮಾಡಲೆಂದು ಅದರ ಬಾಲಕ್ಕೆ ಕುಂಚ ಕಟ್ಟಿ ಬರೆಸಿ, ಬೊರೊನಾಲಿ ಎಂಬ ಇಲ್ಲದ ಕಲಾವಿದನ ಹೆಸರಿನಲ್ಲಿ ಪ್ರದರ್ಶನಕ್ಕೆ ಇಟ್ಟಿದ್ದರು. ಕತ್ತೆಗೆ ಅದರ ಸುಳಿವೂ ಇರಲಿಲ್ಲ. ಬೆಕ್ಕು ನಿಲ್ಲುವುದು ಈ ಎರಡರ ನಡುವೆ, ಕತ್ತೆಯ ಕಡೆಗೆ ಸ್ವಲ್ಪ ಹತ್ತಿರ. 1994ರಲ್ಲಿ ನ್ಯೂಜಿಲೆಂಡಿನ ಇಬ್ಬರು ಗೋಡೆಗೆ ಚಿತ್ರ ಬರೆಯುವ ಬೆಕ್ಕುಗಳ ಫೋಟೊ ಪುಸ್ತಕ ತಂದರು. ಅದು ಕಲಾವಿಮರ್ಶೆಯ ಅಣಕ, ಫೋಟೊಗಳೆಲ್ಲ ಕೈಚಳಕ. ಅದನ್ನು ನಿಜವೆಂದೇ ನಂಬಿದವರೂ ಇದ್ದಾರೆ.

ಬೆಕ್ಕು ಮಾಡುವುದು ತನ್ನ ಕೆಲಸಗಳನ್ನೇ: ನಡೆಯುವುದು, ಹಾರಿ ಹಿಡಿಯುವುದು, ಪರಚುವುದು, ನಾದುವುದು. ಆ ಕೆಲಸಗಳು ಬಣ್ಣದ ಮೇಲೆ ನಡೆಯುವ ಹಾಗೆ ಜಾಗ ಹೊಂದಿಸುವುದು, ಯಾವಾಗ ಹಾಳೆ ಎತ್ತಬೇಕೆಂದು ತೀರ್ಮಾನಿಸುವುದು, ಇವೆರಡು ನಮ್ಮ ಪಾಲು. ಥಾಯ್ಲೆಂಡಿನಲ್ಲಿ ಆನೆಗಳಿಂದ ಹೂವಿನ ಚಿತ್ರ ಬರೆಸುವಾಗ ಮಾವುತ ಪಕ್ಕದಲ್ಲಿ ಕಿವಿ ಹಿಡಿದು ಎಳೆದು ಸೊಂಡಿಲು ನಡೆಸುತ್ತಾನೆ. ಅಂಥದ್ದು ನಮಗೆ ಬೇಡ. ಬೆಕ್ಕನ್ನು ಹಿಡಿಯಬಾರದು, ಎತ್ತಿ ತಂದು ನಿಲ್ಲಿಸಲೂಬಾರದು. ಬಂದರೆ ಬಂತು.

ಕಾಲಿಗೆ ಬಣ್ಣ ಏಕೆ ಬೇಡ

ಟ್ಯೂಬಿನ ಮೇಲೆ ‘ವಿಷರಹಿತ’ ಎಂದು ಬರೆದಿರುತ್ತದೆ, ಹಾಗಾದರೆ ಅಡ್ಡಿಯಿಲ್ಲವಲ್ಲ ಎಂದು ಕೇಳುವವರೇ ಹೆಚ್ಚು. ಆ ಮಾತು ಮನುಷ್ಯರ ಮಕ್ಕಳನ್ನು ಲೆಕ್ಕಕ್ಕಿಟ್ಟು ಹೇಳಿದ್ದು. ಬೆಕ್ಕಿನ ಯಕೃತ್ತು ಬೇರೆಯೇ. ಫೀನಾಲ್ ಜಾತಿಯ ರಾಸಾಯನಿಕಗಳನ್ನು ಕಟ್ಟಿ ಹೊರಗೆ ಹಾಕಲು ನಮ್ಮಲ್ಲಿರುವ ಯುಜಿಟಿ1ಎ6 ಎಂಬ ಜೀನ್ ಬೆಕ್ಕಿನಲ್ಲಿ ಕೆಟ್ಟು ಕೂತಿದೆ. ನಮ್ಮ ತಲೆನೋವಿನ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಕಾರಣ ಇಂಥದ್ದೇ ಕೊರತೆ. ನೆಲ ಒರೆಸುವ ಫಿನೈಲ್, ನೀರಿಗೆ ಹಾಕಿದರೆ ಹಾಲಿನಂತಾಗುವ ಕಂದು ನಂಜುನಾಶಕ ಕೂಡ ಅದಕ್ಕೆ ಅಪಾಯ. ಇನ್ನೊಂದು, ಪ್ರೊಪಿಲೀನ್ ಗ್ಲೈಕಾಲ್. ಬಣ್ಣ ಬೇಗ ಒಣಗದಿರಲೆಂದು ಅಕ್ರಿಲಿಕ್‌ಗಳಿಗೆ ಇದನ್ನು ಸೇರಿಸುವುದುಂಟು. ಮನುಷ್ಯರ ತಿಂಡಿಗಳಲ್ಲಿ ಇದು ನಡೆಯುತ್ತದೆ, ಬೆಕ್ಕಿನ ಕೆಂಪು ರಕ್ತಕಣಗಳನ್ನು ಹಾಳುಮಾಡುತ್ತದೆ. ಅಮೆರಿಕದಲ್ಲಿ ಬೆಕ್ಕಿನ ಆಹಾರಕ್ಕೆ ಸೇರಿಸುವುದನ್ನು ನಿಷೇಧಿಸಿದ್ದಾರೆ. ‘ಹಾಗಿದ್ದರೆ ಕೇಕಿಗೆ ಹಾಕುವ ಬಣ್ಣ ಬಳಸೋಣ’ ಅನ್ನುವವರು ಬಾಟಲಿಯ ಹಿಂಬದಿ ಓದಿ. ದ್ರವ ಬಣ್ಣಗಳಲ್ಲೂ ಜೆಲ್‌ಗಳಲ್ಲೂ ಹಲವು ಸಲ ಇದೇ ಇರುತ್ತದೆ.

ಬೆಕ್ಕಿನ ಕಾಲಿಗೆ ಹತ್ತಿದ್ದು ಅರ್ಧ ಗಂಟೆಯೊಳಗೆ ಹೊಟ್ಟೆಗೆ ಹೋಗುತ್ತದೆ ಎಂದೇ ಲೆಕ್ಕ ಹಾಕಬೇಕು. ಆದ್ದರಿಂದ ಬಣ್ಣಕ್ಕೂ ಬೆಕ್ಕಿಗೂ ನಡುವೆ ಒಂದು ಪ್ಲಾಸ್ಟಿಕ್ ಹಾಳೆ. ಕೆಳಗೆ ಬಣ್ಣ, ಮೇಲೆ ಬೆಕ್ಕು.

ಸಾಮಾನು

ಕ್ಯಾನ್ವಾಸ್ ಬೋರ್ಡ್ 10 × 12 ಇಂಚಿನದು ಸಾಕು, ಇಲ್ಲದಿದ್ದರೆ 300 ಜಿಎಸ್ಎಂ ದಪ್ಪದ ಎ3 ಹಾಳೆ. ತೆಳು ಹಾಳೆ ಬಣ್ಣದ ಪಸೆಗೆ ಸುರುಟಿಕೊಳ್ಳುತ್ತದೆ. ಇದಕ್ಕಿಂತ ಚಿಕ್ಕದಾದರೆ ಬೆಕ್ಕಿನ ನಾಲ್ಕು ಕಾಲಿಗೆ ಜಾಗ ಸಾಲದು; ದೊಡ್ಡದಾದರೆ ಅದು ಒಂದು ಮೂಲೆಯಲ್ಲಿ ಕೂತುಬಿಡುತ್ತದೆ, ಮಿಕ್ಕದ್ದು ಖಾಲಿ.

ಅಕ್ರಿಲಿಕ್ ಬಣ್ಣ ಟ್ಯೂಬಿನದೇ ಆಗಲಿ, ಕ್ಯಾಮ್ಲಿನ್ ಅಥವಾ ಫೆವಿಕ್ರಿಲ್‌ನ ಸಾಮಾನ್ಯ ಸೆಟ್ ನಡೆಯುತ್ತದೆ. ಕ್ಯಾಡ್ಮಿಯಂ, ಕೋಬಾಲ್ಟ್ ಎಂಬ ಹೆಸರು ಹೊತ್ತ ಟ್ಯೂಬುಗಳನ್ನು ಬದಿಗಿಡಿ. ನೀರು ಬೆರೆಸಬೇಡಿ, ತೆಳುವಾದ ಬಣ್ಣ ಅಂಚಿನಿಂದ ಜಿನುಗುತ್ತದೆ.

ಪ್ಲಾಸ್ಟಿಕ್ ವಿಷಯದಲ್ಲಿ ಜಿಪುಣತನ ಬೇಡ. ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಉಗುರಿಗೆ ಒಂದು ನಿಮಿಷವೂ ತಡೆಯದು. ಡೈನಿಂಗ್ ಟೇಬಲ್ಲಿಗೆ ಹಾಸುವ ಪಾರದರ್ಶಕ ಹಾಳೆ ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದರಲ್ಲಿ ತೆಳುವಾದದ್ದನ್ನು ಆರಿಸಿ. ತೀರಾ ದಪ್ಪದ್ದಾದರೆ ನಾಲ್ಕು ಕಿಲೋ ಬೆಕ್ಕಿನ ಹೆಜ್ಜೆ ಕೆಳಗಿನ ಬಣ್ಣಕ್ಕೆ ತಟ್ಟುವುದೇ ಇಲ್ಲ. ಅಂಗಡಿಯಲ್ಲೇ ಹಾಳೆಯ ಕೆಳಗೆ ಬೆರಳಿಟ್ಟು ಮೇಲಿನಿಂದ ಇನ್ನೊಂದು ಬೆರಳಿನಲ್ಲಿ ಒತ್ತಿ ನೋಡಿ, ಸಲೀಸಾಗಿ ಬಾಗಬೇಕು. ಪ್ಲಾಸ್ಟಿಕ್ ಅಗಿಯುವ ಚಟವಿರುವ ಬೆಕ್ಕಾದರೆ ಈ ವಿಧಾನ ಬಿಟ್ಟು ಕೊನೆಯಲ್ಲಿ ಹೇಳಿರುವ ಅಕ್ಕಿಹಿಟ್ಟಿನ ದಾರಿ ಹಿಡಿಯಿರಿ.

ಇನ್ನು ಅಗಲವಾದ ಬ್ರೌನ್ ಟೇಪ್, ತೆಂಗಿನ ಪೊರಕೆಯ ಎರಡು ಉದ್ದ ಕಡ್ಡಿ, ಹಳೇ ಕಾಟನ್ ಸೀರೆಯ ಒಂದು ತುಂಡು, ಬೆಕ್ಕು ಆಸೆಪಟ್ಟು ಓಡಿ ಬರುವಂಥ ತಿನಿಸು. ತಿನಿಸಿನ ಬಗ್ಗೆ ಒಂದು ಮಾತು: ಬೆಕ್ಕಿಗೆ ಸಿಹಿಯ ರುಚಿಯೇ ಗೊತ್ತಾಗುವುದಿಲ್ಲ, ಆ ರುಚಿ ಹಿಡಿಯುವ ಜೀನ್ ಕೂಡ ಅದರಲ್ಲಿ ಕೆಲಸ ಮಾಡುವುದಿಲ್ಲ. ಬಿಸ್ಕತ್ತು ತೋರಿಸಿ ಕರೆದರೆ ಬಂದೀತು, ಆದರೆ ಅದು ಬಿಸ್ಕತ್ತಿನ ಬೆಣ್ಣೆಗೆ. ಸ್ಯಾಶೆಯಲ್ಲಿ ಬರುವ ಪೇಸ್ಟಿನಂಥ ತಿನಿಸು, ಬೇಯಿಸಿದ ಕೋಳಿಯ ನಾರು ಅಥವಾ ಒಂದು ಬೆರಳು ಗಟ್ಟಿ ಮೊಸರು ಒಳ್ಳೆಯದು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರಿನ ಕೋಳಿ ಬೇಡವೇ ಬೇಡ; ಅವೂ ಬೆಕ್ಕಿನ ರಕ್ತಕಣ ಒಡೆಯುತ್ತವೆ.

ಕೆಲವರು ಬೆಕ್ಕಿಗೆ ಮತ್ತೇರಿಸುವ ಕ್ಯಾಟ್‌ನಿಪ್ ಎಂಬ ಗಿಡ ಬಳಸುತ್ತಾರೆ. ಎಲ್ಲ ಬೆಕ್ಕುಗಳಿಗೂ ಅದರ ಮತ್ತು ಹತ್ತುವುದಿಲ್ಲ, ಮರಿಗಳಿಗಂತೂ ಇಲ್ಲ. ನಮ್ಮ ಕಡೆ ಬೇಲಿಬದಿ ಬೆಳೆಯುವ ಕುಪ್ಪಿಗಿಡದ ಬೇರು ಕಿತ್ತರೆ ಬೆಕ್ಕುಗಳು ಹುಚ್ಚಾಗಿ ಬಂದು ಹೊರಳಾಡುವುದನ್ನು ಹಳ್ಳಿಯವರು ಕಂಡೇ ಇರುತ್ತೀರಿ. ತಮಿಳಿನಲ್ಲಿ ಅದಕ್ಕೆ ಬೆಕ್ಕು ತಲೆಬಾಗುವ ಗಿಡ ಎಂಬ ಹೆಸರೂ ಇದೆ. ಆ ಗಿಡದಲ್ಲಿ ಸಯನೈಡ್ ಬಿಡುವ ಅಂಶವಿದೆ, ತಿನ್ನಲು ಬಿಡುವಂಥದ್ದಲ್ಲ. ನಾನು ಒಮ್ಮೆ ಬೇರನ್ನು ಬಟ್ಟೆಯಲ್ಲಿ ಕಟ್ಟಿ ಹಾಳೆಯ ಪಕ್ಕ ಇಟ್ಟಿದ್ದೆ. ಸೋಂಬಿ ಚಿತ್ರವನ್ನು ಮರೆತು ಗಂಟಿನ ಜೊತೆ ಕುಸ್ತಿಗಿಳಿದಳು. ಉಪಯೋಗವಿಲ್ಲ.

ಮೊದಲ ವಾರ: ಬಣ್ಣವೇ ಇಲ್ಲ

ಬೋರ್ಡಿಗೆ ಪ್ಲಾಸ್ಟಿಕ್ ಸುತ್ತಿ, ಬಣ್ಣ ಹಾಕದೆ, ಬೆಕ್ಕು ದಿನವೂ ಓಡಾಡುವ ದಾರಿಯಲ್ಲಿ ನೆಲದ ಮೇಲೆ ಇಟ್ಟುಬಿಡಿ. ಕರೆಯಬೇಡಿ. ಹೊಸ ವಸ್ತು ಕಂಡ ಬೆಕ್ಕು ಸುತ್ತು ಹಾಕುತ್ತದೆ, ಮೂಸುತ್ತದೆ, ಒಂದು ಕಾಲು ಇಟ್ಟು ಪಟ್ಟನೆ ಹಿಂದಕ್ಕೆ ತೆಗೆಯುತ್ತದೆ. ಪ್ಲಾಸ್ಟಿಕ್ಕಿನ ಪರಪರ ಸದ್ದು ಅದಕ್ಕೆ ಹಿಡಿಸಿರುವುದಿಲ್ಲ. ಸದ್ದು ಅಭ್ಯಾಸವಾಗಲಿಕ್ಕೆ ಎರಡು ದಿನವೂ ಆಗಬಹುದು, ಹತ್ತು ದಿನವೂ ಆಗಬಹುದು. ಕಾಲಿಟ್ಟಾಗಲೆಲ್ಲ ಬೋರ್ಡಿನ ಮೇಲೆಯೇ ಒಂದು ಚೂರು ತಿನಿಸು. ಕೈಯಲ್ಲಿ ತಿನ್ನಿಸಿದರೆ ಅದು ನಿಮ್ಮ ಕೈಯ ಕಡೆಗೆ ನೋಡುವುದನ್ನು ಕಲಿಯುತ್ತದೆ, ಬೋರ್ಡಿನ ಕಡೆಗಲ್ಲ.

ಇದೇ ವಾರದಲ್ಲಿ ಉಗುರಿನ ತುದಿ ಕತ್ತರಿಸಿ, ಬೆಳ್ಳಗಿನ ಮೊನೆಯನ್ನು ಮಾತ್ರ. ಒಳಗಿನ ಗುಲಾಬಿ ಭಾಗಕ್ಕೆ ತಾಗಿದರೆ ರಕ್ತ ಬರುತ್ತದೆ. ಕತ್ತರಿಸಿದ ದಿನ ಚಿತ್ರದ ಮಾತೆತ್ತಬೇಡಿ, ಎರಡನ್ನೂ ಅದು ಒಟ್ಟಿಗೆ ನೆನಪಿಟ್ಟುಕೊಳ್ಳುತ್ತದೆ.

ಯಾವ ಪಂಜ ಮುಂದೆ ಬರುತ್ತದೆ ಎಂದು ಗಮನಿಸುವುದು ಒಂದು ಖುಷಿ. ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯದವರು 2018ರಲ್ಲಿ 44 ಸಾಕುಬೆಕ್ಕುಗಳನ್ನು ಅವುಗಳ ಮನೆಯಲ್ಲೇ ಗಮನಿಸಿ, ಹೆಣ್ಣುಗಳು ಹೆಚ್ಚಾಗಿ ಬಲಗಾಲನ್ನೂ ಗಂಡುಗಳು ಎಡಗಾಲನ್ನೂ ಮುಂದೆ ಮಾಡುತ್ತವೆ ಎಂದು ಕಂಡರು. ಸೋಂಬಿ ಹೆಣ್ಣಾದರೂ ಪಕ್ಕಾ ಎಡಚಿ. ಇದರಿಂದ ಉಪಯೋಗವೂ ಇದೆ: ಮುಂದೆ ಬರುವ ಕಾಲಿನ ಕಡೆಗೆ ಗಾಢ ಬಣ್ಣ ಇಟ್ಟರೆ ಚಿತ್ರಕ್ಕೆ ಒಂದು ತೂಕ ಬರುತ್ತದೆ.

ಬಣ್ಣ ಇಡುವುದು

ಹಿಂದಿನ ರಾತ್ರಿಯೇ ಬೋರ್ಡಿಗೆ ಒಂದೇ ಬಣ್ಣದ ತಳ ಬಳಿದು ಒಣಗಿಸಿಡಿ. ಬಿಳಿ ಬೋರ್ಡಿನಲ್ಲಿ ಬಣ್ಣ ಸೇರದ ಜಾಗ ಬೋಳಾಗಿ ಕಾಣುತ್ತದೆ. ಕಾವಿ ಅಥವಾ ಬೂದು ತಳವಿದ್ದರೆ ಖಾಲಿ ಜಾಗವೂ ಚಿತ್ರದೊಳಗೆ ಸೇರುತ್ತದೆ.

ಬಣ್ಣ ಎರಡು, ಜೊತೆಗೆ ಬಿಳಿ. ಇದಕ್ಕಿಂತ ಹೆಚ್ಚು ಬೇಡ. ಮೊದಮೊದಲು ನಾನು ಐದು ಬಣ್ಣ ಇಟ್ಟು, ಕೊನೆಗೆ ಮಳೆಗಾಲದ ಬಸ್‌ಸ್ಟ್ಯಾಂಡಿನ ಕೆಸರು ಪಡೆದಿದ್ದೇನೆ. ನೀಲಿ ಮತ್ತು ಕಿತ್ತಳೆ, ಹಳದಿ ಮತ್ತು ನೇರಳೆ, ಕೆಂಪು ಮತ್ತು ಹಸಿರು, ಈ ಜೋಡಿಗಳು ಪಕ್ಕಪಕ್ಕ ಇದ್ದಾಗ ಚೆಂದ, ಕಲೆತರೆ ಮಣ್ಣು. ಬೆಕ್ಕಿನ ಕಾಲಡಿ ಅವು ಕಲೆಯುತ್ತವೆ. ಪ್ರಷ್ಯನ್ ನೀಲಿ, ಹಳದಿ ಕಾವಿ, ಬಿಳಿ ನನಗೆ ಇದುವರೆಗೆ ಕೈಕೊಟ್ಟಿಲ್ಲ. ಬೆಕ್ಕಿನ ಆಯ್ಕೆ ಕೇಳುವ ಪ್ರಮೇಯವಿಲ್ಲ: ನೀಲಿ, ಹಳದಿ ಅದಕ್ಕೆ ಒಂದಿಷ್ಟು ಕಾಣುತ್ತವೆ, ಕೆಂಪು ಬರೀ ಮಂಕು. ಬಣ್ಣ ನಮ್ಮ ಚಪಲಕ್ಕೆ.

ಒಂದೊಂದು ಬೊಟ್ಟು ಹುಣಸೆಬೀಜದಷ್ಟಿರಲಿ. 10 × 12 ಇಂಚಿಗೆ ಹನ್ನೆರಡರಿಂದ ಹದಿನೈದು ಬೊಟ್ಟು. ರಂಗೋಲಿಯ ಚುಕ್ಕಿಯ ಹಾಗೆ ಸಾಲಾಗಿ ಇಡುವ ಚಪಲ ಬರುತ್ತದೆ, ತಡೆದುಕೊಳ್ಳಿ. ಒಂದು ಕಡೆ ಗುಂಪಾಗಿ, ಒಂದು ಕಡೆ ವಿರಳವಾಗಿ, ಅಂಚಿನಿಂದ ಒಂದೂವರೆ ಇಂಚು ಒಳಗೆ ಇಡಿ.

ಮೇಲೆ ಪ್ಲಾಸ್ಟಿಕ್ ಹಾಸಿ ಮೂರು ಬದಿ ಬೋರ್ಡಿನ ಹಿಂಭಾಗಕ್ಕೆ ಮಡಚಿ ಬ್ರೌನ್ ಟೇಪಿನಿಂದ ಬಿಗಿಯಾಗಿ ಅಂಟಿಸಿ. ನಾಲ್ಕನೇ ಬದಿಯಲ್ಲಿ ಪೊರಕೆಕಡ್ಡಿ ತೂರುವಷ್ಟು ಎಡೆ ಬಿಟ್ಟು ಮಿಕ್ಕದ್ದನ್ನು ಮುಚ್ಚಿ. ಟೇಪಿನ ಅಂಟುಮುಖ ಒಂದಿಷ್ಟೂ ಹೊರಗೆ ಕಾಣಬಾರದು, ಒಂದು ರೋಮ ಅಂಟಿದರೂ ಆ ದಿನದ ಕೆಲಸ ಅಲ್ಲಿಗೆ ಮುಗಿಯಿತು. ಬೋರ್ಡಿನ ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಜಾರುವುದಿಲ್ಲ. ಜಾರುವ ಹಾಸಿನ ಮೇಲೆ ಬೆಕ್ಕು ಎರಡನೇ ಸಲ ಕಾಲಿಡುವುದಿಲ್ಲ.

ಬೆಕ್ಕು ಬರುವ ಹೊತ್ತು

ಬೆಕ್ಕಿಗೆ ಚುರುಕು ಬೆಳಗಿನ ಜಾವ ಮತ್ತು ಮುಸ್ಸಂಜೆ. ರಾತ್ರಿಯ ಊಟಕ್ಕೆ ಅರ್ಧ ಗಂಟೆ ಮುಂಚೆ ಬೋರ್ಡ್ ಇಡಿ. ಹೊಟ್ಟೆ ತುಂಬಿದ ಬೆಕ್ಕಿನಿಂದ ಒಂದು ಕೆಲಸವೂ ಆಗದು.

ಇಲ್ಲಿಂದ ಮುಂದೆ ನಿಮಗೆ ಯಾವ ಬಗೆಯ ಗುರುತು ಬೇಕು ಅನ್ನುವುದರ ಮೇಲೆ ಆಟ.

ಬರೀ ನಡಿಗೆ ಸಾಕೆಂದರೆ ಬೋರ್ಡಿನಾಚೆ ಊಟದ ಬಟ್ಟಲು ಇಡಿ. ಬೆಕ್ಕು ದಾಟಿ ಹೋಗುತ್ತದೆ, ಕೆಳಗೆ ದುಂಡು ದುಂಡು ಬಣ್ಣದ ಮೋಡಗಳು ಏಳುತ್ತವೆ. ಪ್ಲಾಸ್ಟಿಕ್ಕಿನ ಮೇಲೆ ನಾಲ್ಕೈದು ಕಡೆ ಪೇಸ್ಟು ತಿನಿಸನ್ನು ತೆಳ್ಳಗೆ ಸವರಿದರೆ ನೆಕ್ಕುತ್ತಾ ಸುತ್ತುತ್ತದೆ, ಮುಂಗಾಲ ಮೇಲೆ ಭಾರ ಬಿಡುತ್ತದೆ, ಅಂಗಾಲಿನ ಗಾದಿ ಚೆನ್ನಾಗಿ ಒತ್ತುತ್ತದೆ.

ನನಗೆ ಇಷ್ಟವಾದದ್ದು ಪೊರಕೆಕಡ್ಡಿಯ ಆಟ. ಬಿಟ್ಟ ಎಡೆಯಿಂದ ಕಡ್ಡಿಯನ್ನು ಪ್ಲಾಸ್ಟಿಕ್ಕಿನ ಕೆಳಗೆ ತೂರಿಸಿ ಮೆಲ್ಲಗೆ ಸರಿಸಿ, ನಿಲ್ಲಿಸಿ, ಮತ್ತೆ ಒಂದಿಷ್ಟು ಕದಲಿಸಿ. ಮೂಗಿನ ಬುಡದಲ್ಲಿರುವುದು ಬೆಕ್ಕಿಗೆ ಮಸುಕು, ಒಂದು ಅಡಿಯಾಚೆ ಕದಲಿದ್ದು ಮಾತ್ರ ಕಣ್ಣಿಗೆ ನೆಟ್ಟಂತೆ ಕಾಣುತ್ತದೆ. ಅಲ್ಲೇ ನೋಡಿ ಸೋಂಬಿಯನ್ನು: ಗಲ್ಲ ನೆಲಕ್ಕೆ ತಾಗುವಷ್ಟು ತಗ್ಗುತ್ತಾಳೆ, ಕಣ್ಣಿನ ಪಾಪೆ ಅಗಲವಾಗಿ ಕಪ್ಪಾಗುತ್ತದೆ, ಸೊಂಟ ಎಡಕ್ಕೂ ಬಲಕ್ಕೂ ಎರಡು ಸಲ ಅಲ್ಲಾಡುತ್ತದೆ, ಆಮೇಲೆ ಎರಡೂ ಪಂಜ ಒಟ್ಟಿಗೆ ಧಪ್ ಎಂದು ಬೀಳುತ್ತವೆ. ಆ ಏಟಿಗೆ ಬೊಟ್ಟು ನಕ್ಷತ್ರದ ಹಾಗೆ ಸಿಡಿಯುತ್ತದೆ. ಕಡ್ಡಿ ಎಳೆದಾಗ ಬಣ್ಣದ ನಡುವೆ ಉಗುರಿನಷ್ಟು ಸಣ್ಣ ಗೆರೆ ಉಳಿಯುತ್ತದೆ. ಅವಳ ಏಟು, ನನ್ನ ಗೆರೆ; ಚಿತ್ರದಲ್ಲಿ ಇಬ್ಬರೂ ಇರುತ್ತೇವೆ. ಕಡ್ಡಿಯ ತುದಿಯನ್ನು ಮೊದಲೇ ಉಜ್ಜಿ ಮೊಂಡು ಮಾಡಿರಿ, ಪ್ಲಾಸ್ಟಿಕ್ ಹರಿಯಬಾರದು. ಕೊನೆಯಲ್ಲಿ ನಿಜವಾಗಿ ಹಿಡಿಯಲು ಏನಾದರೂ ಸಿಗಬೇಕು: ಒಂದು ದಾರದುಂಡೆ, ಒಂದು ಚೂರು ಕೋಳಿ. ಲೇಸರ್ ಚುಕ್ಕಿ ಓಡಿಸುವುದನ್ನು ನಾನು ಬಿಟ್ಟದ್ದು ಇದಕ್ಕೇ, ಹಿಡಿಯಲಾಗದ ಬೇಟೆಗೆ ಬೆಕ್ಕು ಕಾಲು ಸುಟ್ಟುಕೊಂಡ ಹಾಗೆ ಮನೆಯೆಲ್ಲ ತಿರುಗುತ್ತದೆ.

ನಾದುವ ಬೆಕ್ಕಾದರೆ ನೀವು ಅದೃಷ್ಟವಂತರು. ಚಪಾತಿ ಹಿಟ್ಟು ನಾದಿದ ಹಾಗೆ ಮುಂಗಾಲುಗಳನ್ನು ಒಂದಾದ ಮೇಲೊಂದು ಒತ್ತುವ ಈ ಅಭ್ಯಾಸ ಮರಿಯಾಗಿದ್ದಾಗ ಹಾಲು ಇಳಿಸಲು ತಾಯಿಯ ಹೊಟ್ಟೆ ಒತ್ತಿದ್ದರ ಉಳಿಕೆ. ಪ್ಲಾಸ್ಟಿಕ್ಕಿನ ಮೇಲೆ ಹಳೇ ಸೀರೆಯ ತುಂಡನ್ನು ಒಂದೇ ಪದರ ಹಾಸಿ, ರಾತ್ರಿ ಮನೆ ಸದ್ದಡಗಿದ ಮೇಲೆ ಪಕ್ಕದಲ್ಲಿ ಸುಮ್ಮನೆ ಕೂತಿರಿ. ಗುರುಗುಡುತ್ತಾ ಹತ್ತು ನಿಮಿಷ ನಾದಿದರೆ ಕೆಳಗೆ ಸಿಗುವ ಪದರ ಪದರ ಬಣ್ಣ ಕುಂಚಕ್ಕೆ ಬರುವುದಿಲ್ಲ.

ಒಮ್ಮೆ ಸೋಂಬಿ ಬಂದವಳೇ ಬೋರ್ಡಿನ ಮೇಲೆ ಕಾಲು ಮಡಚಿ ಕೂತು ನಲವತ್ತು ನಿಮಿಷ ನಿದ್ದೆ ಹೊಡೆದಳು. ನಾನು ಸೋತೆ ಎಂದುಕೊಂಡೆ. ಎದ್ದು ಹೋದ ಮೇಲೆ ನೋಡಿದರೆ ನೀಲಿಯೂ ಕಾವಿಯೂ ಒಂದು ದೊಡ್ಡ ವೃತ್ತದಲ್ಲಿ ಒಂದಕ್ಕೊಂದು ಮೆಲ್ಲಗೆ ಹರಿದುಕೊಂಡಿದ್ದವು. ಬೈಠಕ್‌ಖಾನೆಯಲ್ಲಿ ನೇತುಹಾಕಿರುವುದು ಅದನ್ನೇ.

ಕಡ್ಡಿಯ ಆಟ ಐದು ನಿಮಿಷ ಸಾಕು. ಬಾಲ ನೆಲಕ್ಕೆ ಪಟಪಟ ಬಡಿದರೆ, ಕಿವಿ ಪಕ್ಕಕ್ಕೆ ಚಪ್ಪಟೆಯಾದರೆ, ಬೆನ್ನಿನ ಚರ್ಮ ಅಲೆಯ ಹಾಗೆ ನಡುಗಿದರೆ ಕಡ್ಡಿ ಕೆಳಗಿಟ್ಟು ಬಿಡಿ. ಬಣ್ಣಕ್ಕೆ ಅವಸರವಿಲ್ಲ, ಪ್ಲಾಸ್ಟಿಕ್ಕಿನ ಕೆಳಗೆ ಗಾಳಿ ತಾಗದೆ ಅಕ್ರಿಲಿಕ್ ಗಂಟೆಗಟ್ಟಲೆ ಹಸಿಯಾಗಿರುತ್ತದೆ. ಬೆಳಿಗ್ಗೆ ಶುರುಮಾಡಿದ್ದನ್ನು ಸಂಜೆ ಮುಂದುವರಿಸಬಹುದು.

ಹಾಳೆ ಎತ್ತುವುದು

ಎಲ್ಲಕ್ಕಿಂತ ಕಷ್ಟದ ತೀರ್ಮಾನ ಇದು. ಹದಿನೈದು ಬೊಟ್ಟುಗಳಲ್ಲಿ ನಾಲ್ಕೈದು ಇನ್ನೂ ಬೊಟ್ಟಾಗಿಯೇ ಇರುವಾಗ ನಿಲ್ಲಿಸಿ. ಎಲ್ಲವೂ ಹರಡಲಿ ಎಂದು ಕಾದರೆ ಎಲ್ಲವೂ ಒಂದೇ ಆಗುತ್ತದೆ.

ಬೆಕ್ಕನ್ನು ಬೇರೆ ಕೋಣೆಗೆ ಊಟಕ್ಕೆ ಕರೆದು ಬಾಗಿಲು ಹಾಕಿ, ಆಮೇಲೆ ಟೇಪು ಕೀಳಿ. ಪ್ಲಾಸ್ಟಿಕ್ ತೆಗೆಯುವ ಬಗೆಯಲ್ಲೂ ಚಿತ್ರ ಬದಲಾಗುತ್ತದೆ. ಒಂದು ಮೂಲೆ ಹಿಡಿದು ನಿಧಾನವಾಗಿ ಎಳೆದರೆ ಬಣ್ಣದಲ್ಲಿ ಜರೀಗಿಡದ ಎಲೆಯಂತೆ ಕವಲು ಕವಲು ನರಗಳು ಮೂಡುತ್ತವೆ. ಗಟ್ಟಿ ದ್ರವದೊಳಗೆ ಗಾಳಿ ನುಗ್ಗುವಾಗ ಒಂದೇ ಸಮನೆ ನುಗ್ಗದೆ ಬೆರಳು ಬೆರಳಾಗಿ ಒಡೆಯುವುದರಿಂದ ಹೀಗೆ. 1930ರ ದಶಕದಲ್ಲಿ ಕನಸಿನಂಥ ಚಿತ್ರಗಳ ಸರ್ರಿಯಲಿಸ್ಟ್ ಕಲಾವಿದರು ಇದನ್ನೇ ಒಂದು ತಂತ್ರವಾಗಿ ಬಳಸಿದರು. ಶಾಲೆಯಲ್ಲಿ ಹಾಳೆಯ ಮಡಿಕೆಯಲ್ಲಿ ಇಂಕು ಒತ್ತಿ ಚಿಟ್ಟೆ ಮಾಡಿದ್ದವರಿಗೆ ಈ ನರಗಳು ಹೊಸದಲ್ಲ. ನೇರ ಮೇಲಕ್ಕೆ ಎತ್ತಿದರೆ ಸಣ್ಣ ಮುಳ್ಳುಮುಳ್ಳಾದ ಮೈ ಬರುತ್ತದೆ. ಪ್ಲಾಸ್ಟಿಕ್ಕಿಗೆ ಅಂಟಿ ಬಂದ ಬಣ್ಣವನ್ನು ಇನ್ನೊಂದು ಹಾಳೆಗೆ ಒತ್ತಿದರೆ ಮಸುಕಾದ ಎರಡನೇ ಪ್ರತಿ ಸಿಗುತ್ತದೆ. ಕೆಲವು ಸಲ ಮೊದಲನೆಯದಕ್ಕಿಂತ ಅದೇ ಚೆಂದ.

ಒಣಗಲು ಒಂದು ಪೂರ್ತಿ ದಿನ, ಬೊಟ್ಟು ದಪ್ಪಗಿರುವಲ್ಲಿ ಎರಡು ದಿನ. ಆಷಾಢದ ಮಲೆನಾಡಿನಲ್ಲಿ ನಾಲ್ಕೂ ಆದೀತು. ಬೀರುವಿನ ಮೇಲಿಟ್ಟರೆ ಬೆಕ್ಕಿಗೆ ಸಿಗದು ಎಂದು ನಂಬಬೇಡಿ. ಬೀರುವಿನ ಒಳಗಿಡಿ.

ಎಡವಟ್ಟಾದರೆ

ನಾಲ್ಕನೇ ಚಿತ್ರದ ಹೊತ್ತಿಗೆ ಸೋಂಬಿಯ ಉಗುರು ಪ್ಲಾಸ್ಟಿಕ್ಕಿಗೆ ಸಿಕ್ಕಿ, ಎಳೆದಾಗ ಒಂದು ಸೀಳು ಬಿದ್ದು, ಎರಡು ಬೆರಳಿನ ನಡುವೆ ಬಿಳಿ ಬಣ್ಣ ಹತ್ತಿತು. ಅವತ್ತು ಮಾಡಿದ್ದು ಇಷ್ಟು: ಟವಲಿನಲ್ಲಿ ಸುತ್ತಿ, ತಲೆ ನನ್ನ ಮೊಣಕೈ ಕಡೆಗಿರುವಂತೆ ಹಿಡಿದು, ಉಗುರುಬೆಚ್ಚಗಿನ ನೀರಿನಲ್ಲಿ ಬಟ್ಟೆ ಅದ್ದಿ ಬೆರಳು ಬಿಡಿಸಿ ಬಿಡಿಸಿ ಒರೆಸಿದೆ, ಆಮೇಲೆ ಮಕ್ಕಳ ಸೋಪಿನ ಒಂದು ತೊಟ್ಟು ಹಾಕಿ ತೊಳೆದು ಸೋಪು ಪೂರ್ತಿ ಹೋಗುವಂತೆ ಜಾಲಿಸಿದೆ. ಹಸಿ ಅಕ್ರಿಲಿಕ್ ನೀರಿಗೆ ಹೋಗುತ್ತದೆ. ಒಣಗಿ ಗಂಟಾಗಿದ್ದರೆ ಎಳೆಯದೆ ಆ ರೋಮವನ್ನೇ ಕತ್ತರಿಸಿ. ಸೀಮೆಎಣ್ಣೆ, ಟರ್ಪೆಂಟೈನ್, ಥಿನ್ನರ್, ನಂಜುನಾಶಕ, ಯಾವುದನ್ನೂ ಮುಟ್ಟಬೇಡಿ. ಬಣ್ಣಕ್ಕಿಂತ ಅವೇ ಕೆಟ್ಟವು.

ನೆಕ್ಕಿಬಿಟ್ಟಿದೆ ಎಂದು ಗೊತ್ತಾದರೆ ಪಶುವೈದ್ಯರಿಗೆ ಫೋನ್ ಮಾಡಿ. ಜೊಲ್ಲು ಸುರಿಸುವುದು, ವಾಂತಿ, ಮಂಕು, ತೂರಾಟ ಕಂಡರೆ ಫೋನಿಗೂ ಕಾಯದೆ ಹೊರಡಿ, ಬಣ್ಣದ ಟ್ಯೂಬನ್ನೂ ಜೊತೆಗೊಯ್ಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವ ಮನೆಮದ್ದು ಬೇಡ.

ಹೆಜ್ಜೆಯೇ ಬೇಕು ಅನ್ನುವವರಿಗೆ: ಅಕ್ಕಿಹಿಟ್ಟು

ಪ್ಲಾಸ್ಟಿಕ್ಕಿನ ಕೆಳಗೆ ಪಂಜದ ಅಚ್ಚು ಸ್ಪಷ್ಟವಾಗಿ ಬರುವುದಿಲ್ಲ. ಆ ಐದು ಗುಂಡುಗಳ ಗುರುತೇ ಬೇಕೆಂದರೆ ಗೋಕುಲಾಷ್ಟಮಿಯ ದಿನ ಬಾಗಿಲಿನಿಂದ ದೇವರ ಕೋಣೆಯವರೆಗೆ ಕೃಷ್ಣನ ಪುಟ್ಟ ಪಾದ ಇಡುವ ಅಕ್ಕಿಹಿಟ್ಟನ್ನೇ ತೆಗೆದುಕೊಳ್ಳಿ. ದೋಸೆಹಿಟ್ಟಿನ ಹದಕ್ಕೆ ನೀರಿನಲ್ಲಿ ಕಲಸಿ. ನೆಕ್ಕಿದರೂ ಚಿಂತೆಯಿಲ್ಲ. ಅಂಗಡಿಯ ರಂಗೋಲಿ ಪುಡಿ ಕಲ್ಲಿನ ಪುಡಿ, ಬಣ್ಣದ್ದರಲ್ಲಿ ಡೈ ಬೇರೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಮಾಡಿದ ಕುಂಕುಮ ಅಂಗಾಲು ಸುಡಬಹುದು. ಇವೆರಡೂ ಬೇಡ.

ಕರೀ ಚಾರ್ಟ್ ಹಾಳೆಯನ್ನು ಊಟದ ಬಟ್ಟಲಿನ ದಾರಿಗೆ ಅಡ್ಡ ಹಾಸಿ. ಅದರ ಮುಂದೆ ಒಂದು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಹಿಟ್ಟಿನ ನೀರಿನಲ್ಲಿ ನೆನೆಸಿ ಹಿಂಡಿ ಇಡಿ. ಬೆಕ್ಕು ತಾನಾಗಿ ಬಟ್ಟೆ ತುಳಿದು ಹಾಳೆ ದಾಟುತ್ತದೆ. ಒದ್ದೆ ಹಿಡಿಸದೆ ಒಂದೊಂದು ಹೆಜ್ಜೆಗೂ ಕಾಲು ಝಾಡಿಸುತ್ತದೆ, ಆ ಹನಿಗಳೂ ಹಾಳೆಯ ಮೇಲೆ ಸಿಡಿದಿರುತ್ತವೆ, ಅವನ್ನು ಒರೆಸಬೇಡಿ. ಮುಂಗಾಲಿಗೆ ಐದು ಬೆರಳಿದ್ದರೂ ಅಚ್ಚಿನಲ್ಲಿ ಅಂಗಾಲಿನ ಗಾದಿಯ ಜೊತೆ ನಾಲ್ಕು ಬೆರಳೇ ಕಾಣುವುದು, ಐದನೆಯದು ಮೇಲೆ ನೆಲ ಮುಟ್ಟದ ಜಾಗದಲ್ಲಿದೆ. ಹಿಂಗಾಲನ್ನು ಮುಂಗಾಲಿನ ಗುರುತಿನ ಮೇಲೆಯೇ ಇಡುವುದು ಬೇಟೆಗಾರ ಪ್ರಾಣಿಯ ಜಾಣತನ, ಹಾಗಾಗಿ ಎಣಿಸಿದ್ದಕ್ಕಿಂತ ಕಡಿಮೆ ಹೆಜ್ಜೆಗಳು ಸಿಗುತ್ತವೆ.

ಇಂಥ ಹೆಜ್ಜೆಗಳಲ್ಲಿ ಹೆಸರುವಾಸಿಯಾದದ್ದು ಕ್ರೊಯೇಷಿಯಾದ ಡುಬ್ರೊವ್ನಿಕ್ ಪತ್ರಾಗಾರದಲ್ಲಿದೆ. 15ನೇ ಶತಮಾನದ ಒಂದು ಹಸ್ತಪ್ರತಿಯನ್ನು 2011ರಲ್ಲಿ ಚರಿತ್ರಕಾರರೊಬ್ಬರು ತಿರುವುತ್ತಿದ್ದಾಗ, ಎರಡು ಪುಟಗಳ ಮೇಲೆ ಮಸಿ ತುಳಿದ ಬೆಕ್ಕಿನ ಅಚ್ಚುಗಳು ಸಿಕ್ಕಿದವು. ಬರೆಯುತ್ತಿದ್ದವನು ಏನೆಂದು ಬೈದನೋ!

ನಡಿಗೆ ಮುಗಿದ ಮೇಲೆ ಕಾಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಿಳಿ ಹಾಳೆಗೆ ರಾಗಿಹಿಟ್ಟಿನ ನೀರು ಹಾಕಿ ನೋಡಿದ್ದೇನೆ, ಮಾಸಲು ಕಂದು ಬರುತ್ತದೆ. ಈ ಹಿಟ್ಟಿನ ಚಿತ್ರಗಳು ಒಣಗಿದ ಮೇಲೆ ಉದುರುತ್ತವೆ, ಇರುವೆಗಳೂ ಬರುತ್ತವೆ. ಅದಕ್ಕೆ ಒಣಗಿದ ತಕ್ಷಣ ಕಿಟಕಿಯ ಓರೆ ಬೆಳಕಿನಲ್ಲಿ ಫೋಟೊ ತೆಗೆದು, ಫೋಟೊವನ್ನೇ ಪ್ರಿಂಟ್ ಹಾಕಿಸುವುದು ವಾಸಿ.

ಅಕ್ರಿಲಿಕ್ ಚಿತ್ರಕ್ಕೆ ವಾರ್ನಿಷ್ ಹೊಡೆಯುವುದಾದರೆ ತಾರಸಿಯಲ್ಲಿ ಹೊಡೆದು, ವಾಸನೆ ಪೂರ್ತಿ ಹೋದ ಮೇಲೆ ಒಳಗೆ ತನ್ನಿ. ಮಾರುವ ಯೋಚನೆಯಿದ್ದರೆ ಪ್ಲಾಸ್ಟಿಕ್ಕಿನ ಮೇಲೆ ಬೆಕ್ಕು ನಡೆದದ್ದು, ಬಣ್ಣ ಆರಿಸಿದ್ದು ನೀವು ಎಂದು ಬರೆದೇ ಮಾರಿ. ನಾನು ಬೋರ್ಡಿನ ಹಿಂದೆ ಪೆನ್ಸಿಲಿನಲ್ಲಿ ತಾರೀಖು, ಎಷ್ಟು ನಿಮಿಷ, ಯಾವ ತಿನಿಸು, ನಡಿಗೆಯೋ ನಾದಿದ್ದೋ ನಿದ್ದೆಯೋ ಎಂದು ಗುರುತು ಹಾಕುತ್ತೇನೆ. ಮುಂದಿನ ಸಲ ಬೊಟ್ಟು ಎಲ್ಲಿಡಬೇಕೆಂದು ಆ ಸಾಲುಗಳನ್ನು ಓದಿಯೇ ನಿರ್ಧರಿಸುವುದು.